ನೀಲಿ ಎತ್ತು, ನೊಗ, ಮತ್ತೆ ಸೀನನ ಟ್ರಕ್ಕು
ಡಲ್ಲಾಸಲ್ಲಿರೋ ನಮ್ ಸೀನ ಒಂದು ಸೆಕೆಂಡ್ ಹ್ಯಾಂಡ್ ಮೋಟಾರ್‌ಹೋಮ್ ತಗೊಂಬಿಟ್ಟಿದಾನೆ, ಚಕ್ರದ ಮೇಲೆ ಓಡೋ ಮನೆ, ಊರ ಕೆಂಪು ಬಸ್ಸಿನಷ್ಟುದ್ದ. ಯೆಲ್ಲೋಸ್ಟೋನಿಗೆ ಹೋಗ್ಬೇಕಂತೆ. ಕ್ಯಾಂಪಲ್ಲಿ ನಿಲ್ಸಿ ನೀರು ಕರೆಂಟು ಎಲ್ಲಾ ಕನೆಕ್ಟ್ ಮಾಡಿದ್ಮೇಲೆ ಒಂದು ಗ್ಯಾಲನ್ ಹಾಲಿಗೆ ಮನೇನೇ ಕಿತ್ಕೊಂಡು ಹೋಗೋಕಾಗತ್ತಾ, ಅದಕ್ಕೆ ಅವನ ಎಫ್-150 ಪಿಕಪ್ ಟ್ರಕ್ಕನ್ನ ಹಿಂದೆ ಕಟ್ಕೊಳೋ ಪ್ಲಾನು, ನಾಲ್ಕು ಚಕ್ರಾನೂ ನೆಲದ್ಮೇಲೇ, ಗಾಡಿ ಹಿಂದೆ ಕರು ಬಂದಂಗೆ. ಶನಿವಾರ ಅವನ ಗರಾಜಲ್ಲಿ ಭಟ್ರು, ಗುಂಡ, ನಾನು ಸೇರಿ ಚುರುಮುರಿ ಮುಂದಿಟ್ಕೊಂಡು ಮೀಟಿಂಗು.

"ನಾನೇ ಟ್ರಕ್ ಓಡಿಸ್ಕೊಂಡು ಹಿಂದೆ ಬರ್ತೀನಿ ಅಂದ್ರೆ ಕೇಳಲ್ಲ ಇವ್ರು" ಅಂತ ಅತ್ತಿಗೆ ಒಳಗಿಂದ.

"ನೀನ್ ಸುಮ್ನಿರು. ಬ್ಲೂ ಆಕ್ಸ್ ಟೋ ಬಾರ್ ನೋಡಿಟ್ಟಿದೀನಿ, ಟ್ರಕ್ಕನ್ನ ಬಸ್ಸಿಗೆ ಕಟ್ಟಿ ಎಳೆಯೋ ಕಂಬಿ."

"ನೀಲಿ ಎತ್ತಾ? ನೊಗ ಮಾರೋರಿಗೆ ಒಳ್ಳೆ ಹೆಸರು ಕಣಯ್ಯ" ಅಂದ್ರು ಭಟ್ರು.

"ನಗ್ಬೇಡಿ, ನೆಬ್ರಾಸ್ಕಾ ಕಂಪ್ನಿ. 10,000 ಪೌಂಡ್ ಎಳೆಯೋ ಬಾರೇ ಇದೆ."

ಗುಂಡ ಕಡ್ಲೆಬೀಜ ಆರಿಸ್ತಾ, "ನೊಗ ಗಟ್ಟಿ ಇದ್ರೆ ಸಾಕಾ? ಬಸ್ಸಿನ ಹಿಂದಿರೋ ಕೊಂಡಿ, ಆ ಹಿಚ್ಚು, ಎಷ್ಟು ಪೌಂಡ್ ತಡ್ಯತ್ತೆ?"

ಸೀನ ಟಾರ್ಚ್ ಹಿಡ್ದು ಬಗ್ಗಿ ನೋಡ್ದ. 5,000. ಟ್ರಕ್ಕು ಖಾಲಿ ಇದ್ರೇ 4,800ರ ಹತ್ರ.

"ಎರಡು ಸೈಕಲ್ಲು, ಕೂಲರ್ರು, ಅತ್ತಿಗೆ ಉಪ್ಪಿನಕಾಯಿ ಭರಣಿ ಹಾಕು, ಮುಗೀತು. ಎಲ್ಲಕ್ಕಿಂತ ಕಮ್ಮಿ ಯಾವ್ದಿದ್ಯೋ ಅದೇ ಲೆಕ್ಕ."

"ಸೈಕಲ್ ಬಸ್ಸಲ್ಲಿ ಹಾಕ್ತೀನಿ ಬಿಡು." ಬಾರ್ ಸಿಕ್ಕಿಸೋಕೆ ಟ್ರಕ್ಕಿನ ಮೂತಿಗೆ ಬೇಸ್ ಪ್ಲೇಟ್ ಬೇಕು, ಆ ಮಾಡೆಲ್ಲಿಗೇ ಅಂತ ಮಾಡಿದ್ದು, ಫ್ರೇಮಿಗೇ ಬೋಲ್ಟು. ಆಮೇಲೆ ಸೇಫ್ಟಿ ಕೇಬಲ್ಲು, ಹಿಂದಿನ ಲೈಟಿಗೆ ವೈರು. ಇದೆಲ್ಲ ಎರಡು ನಿಮಿಷದಲ್ಲಿ ಪಾಸಾಯ್ತು. ಜಗಳ ಆಗಿದ್ದು ಬ್ರೇಕಿಗೆ.

"ಅಷ್ಟು ದೊಡ್ಡ ಬಸ್ಸಿದೆ, ಅದರ ಬ್ರೇಕ್ ಸಾಲ್ದಾ?" ಅಂತ ನಾನು ಕೇಳಿ ಕೆಟ್ಟೆ.

ಗುಂಡ ತಿರುಗಿಬಿದ್ದ. ಬಸ್ಸು ನಿಲ್ಲತ್ತೆ, ಹಿಂದಿರೋ 4,800 ಪೌಂಡಿಗೆ ನಿಲ್ಲು ಅಂತ ಯಾರು ಹೇಳ್ತಾರೆ, ಇಳಿಜಾರಲ್ಲಿ ನಿನ್ನ ಬೆನ್ನಿಗೇ ಬಂದು ತಳ್ಳತ್ತೆ ಅಂತ. ಅದಕ್ಕೆ ಡ್ರೈವರ್ ಸೀಟಿನ ಮುಂದೆ ಇಡೋ ಡಬ್ಬಿ ಬರತ್ತೆ, ಬಸ್ಸು ಸ್ಲೋ ಆದ್ರೆ ಒಂದು ಕೈ ಚಾಚಿ ಪೆಡಲ್ ಒತ್ತತ್ತೆ. ಕೊಂಡಿ ಕಳಚಿದ್ರೆ ಬ್ರೇಕ್‌ಅವೇ ವೈರು ಕಿತ್ತು ತಾನೇ ಬ್ರೇಕ್ ಹಾಕತ್ತೆ.

"ಅಂದ್ರೆ ಟ್ರಕ್ಕಲ್ಲಿ ಒಂದು ಡಬ್ಬಿ ಕೂತ್ಕೊಂಡು ಬ್ರೇಕ್ ಒತ್ತತ್ತೆ, ನಾನ್ ಒತ್ತಿದ್ರೆ ಮಾತ್ರ ಆಗಲ್ಲ" ಅಂತ ಮತ್ತೆ ಒಳಗಿಂದ. ಯಾರೂ ಉತ್ರ ಕೊಡ್ಲಿಲ್ಲ.

"ರಿವರ್ಸು?" ಅಂದ್ರು ಭಟ್ರು.

"ಹಿಂದಕ್ಕೆ ಹೋಗೋ ಹಂಗೇ ಇಲ್ಲ. ಟ್ರಕ್ಕಿನ ಮುಂದಿನ ಚಕ್ರ ಎತ್ತೆತ್ಲಾಗೋ ತಿರುಗಿ ಬಾರೇ ಬಗ್ಗತ್ತೆ. ದಾರಿ ತಪ್ಪಿದ್ರೆ ಇಳಿದು ಬಿಚ್ಬೇಕು."

"ನಿಮ್ ಸೀನ ಜಿಪಿಎಸ್ ಮಾತೇ ಕೇಳಲ್ಲ, ದಿನಾ ಬಿಚ್ಚೋದೇ" ಅಂತ ನಕ್ರು ಭಟ್ರು.

ಡಬ್ಬಿ, ಬಾರು, ಪ್ಲೇಟು, ಫಿಟ್ಟಿಂಗು ಸೇರಿ 4,200 ಡಾಲರ್ ಕೋಟ್ ಬಂದಿತ್ತು. ಸೀನ ಕಾರ್ಡ್ ತೆಗ್ದ. ಆಗ ಗುಂಡ ಸುಮ್ನೆ ಕೇಳ್ದಂಗೆ, "ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್ಲಿಗೆ ಹಾಕೋದು ಗೊತ್ತಲ್ವಾ? ಇಲ್ಲಾಂದ್ರೆ ಚಕ್ರ ಉರುಳ್ತಾ ಗೇರ್‌ಬಾಕ್ಸ್ ತಿರುಗತ್ತೆ, ಇಂಜಿನ್ ಆಫು, ಆಯಿಲ್ ಹೋಗಲ್ಲ, ಸುಟ್ಕೊಂಡು ಹೋಗತ್ತೆ."

"ಟ್ರಾನ್ಸ್‌ಫರ್ ಕೇಸಾ?"

"ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹಂಚೋದು ಕಣೋ, ಫೋರ್ ಬೈ ಫೋರ್ ಆದ್ರೆ ತಾನೇ ಅದಿರೋದು. ಫೋರ್ ಬೈ ಫೋರ್ ತಾನೇ ನಿಂದು?"

ಸೀನ ಮಾತಾಡ್ಲಿಲ್ಲ. ಎಲ್ರೂ ಎದ್ದು ಡ್ರೈವ್‌ವೇಗೆ ಹೋದ್ವಿ, ಟ್ರಕ್ಕಿನ ಪಕ್ಕ 4×4 ಸ್ಟಿಕರ್ ಇದ್ಯಾ ನೋಡೋಣ ಅಂತ. ಟ್ರಕ್ಕೇ ಇರ್ಲಿಲ್ಲ.

ಅತ್ತಿಗೆ ಹಾಲು ತರೋಕೆ ತಗೊಂಡು ಹೋಗಿದ್ರು.