ಸರ್ವೆ ಶೆಡ್ಯೂಲ್‌ನಲ್ಲಿ ಹೆಂಗಸರ ದುಡಿಮೆ ಪೂರ್ತಿ ಸೊನ್ನೆ ಬರ್ತಿದೆ, ಹೆಲ್ಪ್ ಮಾಡಿ

ಹೊಸಫೀಲ್ಡು: ತಲೆ ಕೆಟ್ಟೋಗಿದೆ. ಪಿಎಚ್‌ಡಿ ಸರ್ವೆ, ರಾಯಚೂರು ಜಿಲ್ಲೆ, 62 ಮನೆ ಮುಗಿದಿದೆ. ಪ್ರಶ್ನೆ 14ಕ್ಕೆ ಹೆಂಗಸರದ್ದು ಹೆಚ್ಚುಕಮ್ಮಿ ಎಲ್ಲಾ 'ಇಲ್ಲ', ಅಲ್ಲಿಂದ 21ರವರೆಗೂ ಖಾಲಿ. ಮುಂದಿನ ವಾರ ಗೈಡ್ ಡೇಟಾ ನೋಡ್ತಾರೆ. ಎಲ್ಲಿ ತಪ್ಪಾಗಿದೆ?

ಕೋಬೋಗೆಳೆಯ: ಆ್ಯಪ್ ಫಾರ್ಮಿನ ಸ್ಕಿಪ್ ಲಾಜಿಕ್, ಅಂದ್ರೆ ಯಾವ ಉತ್ತರಕ್ಕೆ ಯಾವ ಪ್ರಶ್ನೆ ಹಾರಿಸ್ಬೇಕು ಅನ್ನೋ ಸೆಟ್ಟಿಂಗ್, ಅನುಮಾನವೇ ಬೇಡ. ರೆಲೆವೆಂಟ್ ಕಾಲಂನಲ್ಲಿ ಸ್ಕ್ರೀನಲ್ಲಿ ಕಾಣೋ ಲೇಬಲ್ ಹಾಕಿದೀರ ಅನ್ಸುತ್ತೆ, ಚಾಯ್ಸಸ್ ಶೀಟಲ್ಲಿರೋ ನೇಮ್ ಹಾಕ್ಬೇಕು, ಇಲ್ದಿದ್ರೆ ಮುಂದಿನ ಪ್ರಶ್ನೆ ಓಪನ್ನೇ ಆಗಲ್ಲ. ಫೈಲ್ ಹಾಕಿ.

ಅನುಸೂಚಿಸರ್: ಮೊದ್ಲು ಇದು ಪ್ರಶ್ನಾವಳಿನಾ ಅನುಸೂಚಿನಾ ಹೇಳಿ. ಜನ ತಾವೇ ಓದಿ ತುಂಬಿದ್ರೆ ಪ್ರಶ್ನಾವಳಿ, ನಾವು ಕೇಳಿ ಬರ್ಕೊಂಡ್ರೆ ಅನುಸೂಚಿ, ಅಂದ್ರೆ ಶೆಡ್ಯೂಲ್.

ಕೋಬೋಗೆಳೆಯ: ಹೆಸರು ಯಾವ್ದಾದ್ರೂ ಇರ್ಲಿ ಸರ್, ಫೈಲ್ ನೋಡ್ದೆ ಏನೂ ಹೇಳಕ್ಕಾಗಲ್ಲ.

ಅನುಸೂಚಿಸರ್: ಹೆಸರಿನ ಮಾತಲ್ಲ ಇದು. ಕೇಳೋರು ಎದುರಿಗಿದ್ರೆ ಉತ್ತರವೇ ಬೇರೆ ಬರುತ್ತೆ.

ಟ್ಯಾಬ್‌ಮೇಷ್ಟ್ರು: ನಮ್ಮ ಟೀಮಲ್ಲಿ 6 ಟ್ಯಾಬ್, ಎಲ್ಲರಿಗೂ 20000 ಎಂಎಎಚ್ ಪವರ್ ಬ್ಯಾಂಕ್, ನೆಟ್‌ವರ್ಕ್ ಇಲ್ದಿದ್ರೂ ಫಾರ್ಮ್ ಸೇವ್ ಆಗಿ ರಾತ್ರಿ ಲಾಡ್ಜಿಗೆ ಬಂದು ಸೆಂಡ್ ಮಾಡ್ತೀವಿ, ಒಂದೂ ಖಾಲಿ ಬಂದಿಲ್ಲ.

ಹೊಸಫೀಲ್ಡು: ಸಾರಿ, ಹೇಳೋದು ಬಿಟ್ಟೋಯ್ತು, ನಂದು ಜೆರಾಕ್ಸ್ ಹಾಳೆ. ಆ್ಯಪ್ ಇಲ್ಲ.

ಕೋಬೋಗೆಳೆಯ: ಹಾಗಾದ್ರೆ ಎಕ್ಸೆಲ್ ಎಂಟ್ರಿಲಿ ಕಾಲಂ ಜರುಗಿರ್ಬೇಕು. ಫಿಲ್ಟರ್ ತೆಗೆದು ನೋಡಿ.

ಮಾನ್ವಿಅಕ್ಕ: ತಂಗಿ, 14ನೇ ಪ್ರಶ್ನಿ ಇದ್ದಂಗ ಹಾಕು. ಉತ್ರ ಕೊಟ್ಟೋರು ಯಾರು, ಎಷ್ಟೊತ್ತಿಗೆ ಹೋಗಿದ್ದಿ?

ಹೊಸಫೀಲ್ಡು: "ನೀವು ಯಾವುದಾದರೂ ಉದ್ಯೋಗದಲ್ಲಿ ತೊಡಗಿದ್ದೀರಾ?" ಇಂಗ್ಲಿಷಿಂದ ನಾನೇ ಮಾಡಿದ್ದು ಅಕ್ಕ. ಬೆಳಗ್ಗೆ 11ಕ್ಕೆ ಹೋಗ್ತಿದ್ದೆ, ಮನೇಲಿ ಗಂಡಸರೇ ಸಿಗ್ತಿದ್ರು, ಹೆಂಡ್ತಿ ಬಗ್ಗೆನೂ ಅವ್ರೇ ಹೇಳಿದ್ರು. ಒಬ್ಬಮ್ಮ ಸಿಕ್ಕಿದ್ರು, ಸೆರಗೆಲ್ಲಾ ಹತ್ತಿ ಎಳೆ, ಬೆರಳ ತುದಿ ಗೀರಿ ಕಪ್ಪಾಗಿತ್ತು, ಅವ್ರೂ "ನನಗ್ಯಾವ ಉದ್ಯೋಗ ಯವ್ವಾ" ಅಂದ್ರು, ನಾನು ಇಲ್ಲ ಅಂತ ಟಿಕ್ ಹಾಕ್ಬಿಟ್ಟೆ. ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಮಾನ್ವಿಅಕ್ಕ: ನಮ್ಮ ಕಡಿ ಉದ್ಯೋಗ ಅಂದ್ರ ಪಗಾರದ್ದು. ಹತ್ತಿ ಬಿಡಸೋ ಟೈಮಿಗೆ 11ಕ್ಕ ಹೆಣ್ಮಕ್ಕಳು ಹೊಲದಾಗ ಇರ್ತಾರ, ಮನ್ಯಾಗ ಹೆಂಗ ಸಿಗ್ತಾರ? ಸಂಜಿ 7ರ ಮ್ಯಾಲ ಹೋಗು, ಆಕಿನ್ನ ಕೇಳು. ನಿನ್ನಿ ಹತ್ತಿ ಬಿಡಸಿದ್ರೇನು, ಕಳಿ ತಗದ್ರೇನು, ಎಮ್ಮಿಗೆ ಹುಲ್ಲು ತಂದ್ರೇನು, ಒಬ್ಬರ ಹೊಲಕ್ಕ ಒಬ್ಬರು ಮುಯ್ಯಾಳಿಗೆ ಹೋಗಿದ್ರೇನು, ಮೊನ್ನಿ ಏನು ಮಾಡಿದ್ರಿ, ಹಂಗ 7 ದಿನ ಹಿಂದಕ್ಕ ಹೋಗು.

ಅನುಸೂಚಿಸರ್: ಇದು ಸರಿಯಾದ ದಾರಿ. ಕೇಂದ್ರ ಸರ್ಕಾರದ ಉದ್ಯೋಗ ಸರ್ವೆ ಪಿಎಲ್‌ಎಫ್‌ಎಸ್‌ನಲ್ಲಿ ಬರೀ ಮನೆಗೆಲಸಕ್ಕೆ ಕೋಡ್ 92, ಅದರ ಜೊತೆ ಮನೆ ಬಳಕೆಗೆ ಸೌದೆ ಮೇವು ತರೋರಿಗೆ 93, ಎರಡೂ ಲೇಬರ್ ಫೋರ್ಸಿನ, ಅಂದ್ರೆ ದುಡಿಯೋರು ಮತ್ತು ಕೆಲಸ ಹುಡುಕೋರ ಲೆಕ್ಕದ, ಹೊರಗೆ. ನೀವು ಹುಲ್ಲು ತರೋದನ್ನ ಕೂಲಿ ಜೊತೆ ಸೇರಿಸ್ಬೇಡಿ, ಬೇರೆ ಕಾಲಂ ಇಡಿ. 7 ದಿನದ್ದು, ಇಡೀ ವರ್ಷದ್ದು ಅಕ್ಕಪಕ್ಕ ಇಟ್ಟು ಕೇಳ್ಬೇಡಿ, ಒಂದಕ್ಕೆ ಹೇಳಿದ್ದಕ್ಕೆ ಇನ್ನೊಂದನ್ನ ಹೊಂದಿಸಿ ಹೇಳ್ಬಿಡ್ತಾರೆ. 1999-2000ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಅಂದ್ರೆ ಎನ್‌ಎಸ್‌ಎಸ್ ಸುತ್ತಲ್ಲಿ ಊಟದ ಖರ್ಚನ್ನ ಅದೇ ಮನೆಗೆ 7 ದಿನಕ್ಕೂ 30 ದಿನಕ್ಕೂ ಕೇಳಿ ಬಡತನದ ಲೆಕ್ಕ ವರ್ಷಗಟ್ಟಲೆ ಜಗಳಕ್ಕೆ ಬಿತ್ತು.

ಕೋಬೋಗೆಳೆಯ: ಫಿಲ್ಟರ್ ನೋಡಿದ್ರಾ?

ಹೊಸಫೀಲ್ಡು: ನೋಡ್ದೆ, ಎಂಟ್ರಿ ಸರಿ ಇದೆ. ಅಕ್ಕಾ, 62 ಮನೆಗೂ ಮತ್ತೆ ಹೋಗ್ಲಾ?

ಮಾನ್ವಿಅಕ್ಕ: ಮೊದ್ಲ 10 ಮನಿಗೆ ಹೊಸಾ ಪ್ರಶ್ನಿ ತಗೊಂಡು ಹೋಗು. ಹಳೇ ಹಾಳಿ ಹರಿಬ್ಯಾಡ.

ಟ್ಯಾಬ್‌ಮೇಷ್ಟ್ರು: ಮತ್ತೆ ಹೋಗೋದಾದ್ರೆ ಟ್ಯಾಬಲ್ಲೇ ಮಾಡಿ, ಯಾವ ಮಾಡೆಲ್ ಅಂತ ಹೇಳ್ತೀನಿ.