ತಡೆಗೋಡೆ ಮುಗಿಯುವಲ್ಲೇ ನಮ್ಮ ತೋಟ. ಅರ್ಜಿಗೆ ಸಹಿ ಹಾಕಲಾ?

ಹೊನ್ನಾವರದವ:
ನಮ್ಮ ಮನೆ ಕಡಲ ಬದಿಗೇ ಇದೆ. ಉತ್ತರದ ಮನೆಗಳ ಮುಂದೆ ಕಲ್ಲಿನ ತಡೆಗೋಡೆ ಹಾಕಿದ್ದಾರೆ, ಅದು ನಮ್ಮ ಬೇಲಿ ಹತ್ತಿರ ಮುಗಿಯುತ್ತದೆ. ಅವರ ಜಾಗ ಹಾಗೇ ಇದೆ. ನಮ್ಮಲ್ಲಿ ಕಳೆದ ಮಳೆಗಾಲದಲ್ಲಿ ತೆಂಗಿನ ಮರಗಳೇ ಬುಡ ಸಮೇತ ಹೋದವು. ಗೋಡೆಯನ್ನು ನಮ್ಮವರೆಗೂ ಮುಂದುವರಿಸಿ ಅಂತ ಅಪ್ಪ ಅರ್ಜಿ ಬರೆಸಿದ್ದಾರೆ. ಗೋಡೆಯಿಂದಲೇ ಹೀಗಾಯ್ತಾ?

ಕೋಡಿಬಾಗದವಳು:
ಬಹಳ ಮಟ್ಟಿಗೆ ಹೌದು. ನಾನು ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದಿದವಳು, ಇದು ನನ್ನನ್ನು ತುಂಬ ಕಾಡುವ ವಿಷಯ.

ಮಳೆಗಾಲದ ದೊಡ್ಡ ಅಲೆ ದಡದ ಮರಳನ್ನು ಎಳೆದು ಸ್ವಲ್ಪ ಆಳದಲ್ಲಿ ದಿಬ್ಬ ಮಾಡಿ ಇಡುತ್ತದೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನೇ ನಿಧಾನ ವಾಪಸ್ ತರುತ್ತವೆ. ಜುಲೈಯಲ್ಲಿ ದಡ ಕಿರಿದಾಗುವುದು ರೋಗ ಅಲ್ಲ. ಡಿಸೆಂಬರ್ ಬಂದರೂ ತುಂಬದಿದ್ದರೆ ಮಾತ್ರ ಚಿಂತೆ.

ಗೋಡೆ ಹಿಂದಿನ ಮನೆಯನ್ನು ಉಳಿಸುತ್ತದೆ, ಮುಂದಿನ ದಡವನ್ನು ಅಲ್ಲ. ಇಳಿಜಾರು ಮರಳಿನ ಮೇಲೆ ಅಲೆ ಸುಸ್ತಾಗಿ ನಿಲ್ಲುತ್ತದೆ. ಕಲ್ಲಿಗೆ ಬಡಿದರೆ ಜೋರಾಗಿ ತಿರುಗಿ ಬಂದು ಗೋಡೆಯ ಬುಡವನ್ನೇ ತೋಡುತ್ತದೆ. ಹಿಂದಿನ ಮರಳೂ ಬಂದ್, ಕಡಲಿಗೆ ಸಿಗುವುದಿಲ್ಲ. ಆ ಕೊರತೆಯನ್ನು ಅದು ಗೋಡೆ ಮುಗಿದ ಕಡೆಯಿಂದ, ಅಂದರೆ ನಿಮ್ಮ ತೋಟದಿಂದ ತುಂಬಿಸಿಕೊಳ್ಳುತ್ತದೆ.

ರಂಪಣಿ ಮನೆ:
ಅಕ್ಕ ಹೇಳಿದ್ದು ಸರಿ. ಕಲ್ಲು ಬಂದ ಮೇಲೆ ನಮಗೆ ದೋಣಿ ಎಳೆದು ಹಾಕಲು, ಬಲೆ ಒಣಗಿಸಲು ಜಾಗವೇ ಇಲ್ಲ. ದಡದಿಂದಲೇ ಎಳೆಯುವ ರಂಪಣಿ ಬಲೆಗೆ ಉದ್ದ ದಡ ಬೇಕು, ಅಲ್ವಾ? ಆಮೆ ಮೊಟ್ಟೆ ಇಡಲೂ ಅದೇ ಮರಳು ಬೇಕು. ಆದರೆ ಕಲ್ಲೊಂದನ್ನೇ ದೂರಬೇಡಿ. ಹೊಳೆಯಿಂದ ಬರುತ್ತಿದ್ದ ಹೊಯ್ಗೆಯೂ ಕಡಿಮೆ ಆಗಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಿಂದ ಶರಾವತಿಯ ಮರಳನ್ನು ತಡೆದಿದೆ. ಉಳಿದದ್ದನ್ನು ಲಾರಿಗೆ ತುಂಬುತ್ತಾರೆ.

ಕೋಡಿಬಾಗದವಳು:
ಹೌದು, ಅದನ್ನು ನಾನೇ ಮೊದಲು ಹೇಳಬೇಕಿತ್ತು. ದಡದುದ್ದಕ್ಕೂ ಸಾಗುವ ಮರಳನ್ನು ಬಂದರಿನ ಅಲೆತಡೆಗೋಡೆಯೂ ಹೀಗೇ ತಡೆಯುತ್ತದೆ. ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರು ಕಟ್ಟಿದ ಮೇಲೆ ಉತ್ತರದ ಬೀಚೇ ಮಾಯವಾಯಿತು, ದಡದಲ್ಲಿ ಬರೀ ಕಲ್ಲು ಉಳಿಯಿತು. 2018ರ ಹೊತ್ತಿಗೆ ನೀರೊಳಗೆ ಕೃತಕ ದಿಬ್ಬ ಇಟ್ಟು, ಮರಳು ತಂದು ಸುರಿದ ಮೇಲೆ ಸ್ವಲ್ಪ ದಡ ಮರಳಿತು. ಅಲ್ಲಿ ಮರಳು ಹೆಚ್ಚಾಗಿ ಒಂದೇ ದಿಕ್ಕಿಗೆ ಸಾಗುತ್ತದೆ. ನಮ್ಮಲ್ಲಿ ಋತು ನೋಡಿಕೊಂಡು ಎರಡೂ ಕಡೆ ಓಡಾಡುತ್ತದೆ, ಹಾಗಾಗಿ ಸುಮ್ನೆ ನಕಲು ಮಾಡಲು ಆಗುವುದಿಲ್ಲ.

ಹೊನ್ನಾವರದವ:
ಅಪ್ಪನಿಗೆ ಏನು ಹೇಳಲಿ ಅಕ್ಕ? ಜೂನ್ ಬಂದೇ ಬರುತ್ತದೆ.

ಕೋಡಿಬಾಗದವಳು:
ಅವರ ಭಯ ನಿಜವಾದದ್ದು, ಅದನ್ನು ಸುಳ್ಳು ಅನ್ನಬೇಡಿ. ಮನೆಗೇ ಅಪಾಯ ಇದ್ದರೆ ಕಲ್ಲು ಬೇಕಾಗಬಹುದು. ಈಗಿಂದಲೇ ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಂದು ಫೋಟೋ ತೆಗೆಯಿರಿ, ಗ್ರಾಮಸಭೆಯಲ್ಲಿ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮನೆ ಮುಂದಿನ ಕೇದಿಗೆ, ಮರಳಲ್ಲಿ ಹಬ್ಬಿದ ಬಳ್ಳಿ ಯಾವುದನ್ನೂ ಕೀಳಬೇಡಿ, ಮರಳನ್ನು ಹಿಡಿಯುವುದು ಅವೇ. ಅರ್ಜಿಯಲ್ಲಿ ಬರೀ ಗೋಡೆ ಕೇಳಬೇಡಿ. ಹೊಳೆ ಕಡಲು ಸೇರುವ ಅಳಿವೆಯಿಂದ ಹಿಡಿದು ಇಡೀ ದಡ ನೋಡಿ ಯೋಜನೆ ಮಾಡಿ ಅಂತ ಬರೆಯಿರಿ. ನಿಮ್ಮ ದಕ್ಷಿಣಕ್ಕಿರುವ ಮನೆಯವರನ್ನೂ ಕೂರಿಸಿಕೊಂಡೇ ಬರೆಯಿರಿ. ಗೋಡೆ ನಿಮ್ಮಲ್ಲಿ ಮುಗಿದರೆ ಮುಂದಿನ ಮಳೆಗಾಲಕ್ಕೆ ಹೋಗುವುದು ಅವರ ತೋಟ.