ಜಪಾನಿನಿಂದ ಬಂದ ಸೋನಿ ಎಂಎಸ್‌ಎಕ್ಸ್2: ಕರೆಂಟ್ ಕೊಡುವ ಮುಂಚೆ ಏನೇನು ನೋಡಬೇಕು?

ಟಮಕದವನು

ಎಲ್ಲರಿಗೂ ನಮಸ್ಕಾರ. ಕೋಲಾರದ ಟಮಕದಿಂದ ಬರೆಯುತ್ತಿದ್ದೇನೆ. ನಮ್ಮ ಮಾವ ನರಸಾಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡುತ್ತಾರೆ. ಟ್ರೈನಿಂಗ್‌ಗೆ ಜಪಾನಿಗೆ ಹೋಗಿದ್ದವರು ಬರುವಾಗ ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ನನಗೋಸ್ಕರ ಒಂದು ಹಳೇ ಕಂಪ್ಯೂಟರ್ ತಂದಿದ್ದಾರೆ. ಸೋನಿ ಹಿಟ್‌ಬಿಟ್ ಎಚ್‌ಬಿ-ಎಫ್1ಎಕ್ಸ್‌ಡಿ, 1987ರ ಮಾಡೆಲ್. ಎಂಎಸ್‌ಎಕ್ಸ್2 ಅಂದರೆ ಹಲವು ಕಂಪನಿಗಳು ಒಂದೇ ನಿಯಮಕ್ಕೆ ಮಾಡುತ್ತಿದ್ದ ಮನೆ ಕಂಪ್ಯೂಟರ್, ಇದು ಆ ಜಾತಿಯದು. 64 ಕೆಬಿ ಮೆಮೊರಿ, ಚಿತ್ರಕ್ಕೆ ಬೇರೆ 128 ಕೆಬಿ, ಒಳಗೇ 3.5 ಇಂಚಿನ ಫ್ಲಾಪಿ ಡ್ರೈವ್. ಪರೀಕ್ಷೆ ಮಾಡಿಲ್ಲ, ಗ್ಯಾರಂಟಿ ಇಲ್ಲ ಅಂತ ಹೇಳಿಯೇ ಕೊಟ್ಟಿದ್ದಾರೆ.

ಇದುವರೆಗೆ ಎಮ್ಯುಲೇಟರ್‌ನಲ್ಲಿ (ಹಳೇ ಮಷಿನ್‌ನ ಅನುಕರಣೆ ಮಾಡುವ ಸಾಫ್ಟ್‌ವೇರ್) ಮಾತ್ರ ನೋಡಿದ್ದ ಮಷಿನ್ ಈಗ ಮೇಜಿನ ಮೇಲಿದೆ, ತುಂಬಾ ಖುಷಿಯಾಗಿದೆ. ಆದರೆ ಇನ್ನೂ ಪ್ಲಗ್ ಹಾಕಿಲ್ಲ. ಹಿಂದೆ 100 ವೋಲ್ಟ್ ಅಂತ ಬರೆದಿದೆ, ನಮ್ಮ ಮನೆಯಲ್ಲಿ ರಾತ್ರಿ ಹೊತ್ತು 250ರ ತನಕ ಬರುತ್ತದೆ. ಮೇಲಿನ ಕವರ್ ಹಳದಿ ತಿರುಗಿದೆ. ಫ್ಲಾಪಿ ಡ್ರೈವ್‌ನ ಗುಂಡಿ ಒತ್ತಿದರೆ ಅರ್ಧಕ್ಕೆ ನಿಲ್ಲುತ್ತದೆ.

ಕೇಳಬೇಕಾಗಿರೋದು ಇಷ್ಟು. ಯಾವ ಟ್ರಾನ್ಸ್‌ಫಾರ್ಮರ್ ತಗೊಳ್ಳಲಿ? ಕೆಪಾಸಿಟರ್ ಎಲ್ಲಾ ಬದಲಾಯಿಸಲೇಬೇಕಾ? ಆಮೇಲೆ ಇದಕ್ಕೆ ಮೆಮೊರಿ ಜಾಸ್ತಿ ಮಾಡಿ, ಎಸ್‌ಡಿ ಕಾರ್ಡ್ ಹಾಕಿ, ಸಾಧ್ಯವಾದರೆ ವಿಡಿಯೋ ಚಿಪ್ ತೆಗೆದು ವಿ9958 ಅನ್ನುವ ಹೊಸ ಚಿಪ್ ಕೂರಿಸಿ, ಮುಂದಿನ ತಲೆಮಾರಿನ ಎಂಎಸ್‌ಎಕ್ಸ್2ಪ್ಲಸ್ ಥರ ಮಾಡಬೇಕು ಅಂತ ಆಸೆ. ಸೋಲ್ಡರಿಂಗ್ ಬರುತ್ತದೆ, ಆದರೆ 64 ಕಾಲಿನ ಚಿಪ್ ಯಾವತ್ತೂ ಕಿತ್ತಿಲ್ಲ.

ಹಳೇ ಟಿವಿ ಚಿಂತಾಮಣಿ

ತಮ್ಮಾ, ಪ್ಲಗ್ ಹಾಕದೆ ಕೇಳಿದ್ದು ಒಳ್ಳೇದಾಯಿತು. 100 ವೋಲ್ಟಿನ ಸಾಮಾನನ್ನು ನಮ್ಮ ಲೈನಿಗೆ ನೇರವಾಗಿ ಕೊಟ್ಟರೆ ಕ್ಷಣದಲ್ಲಿ ಮುಗಿದುಹೋಗುತ್ತದೆ.

ಟ್ರಾನ್ಸ್‌ಫಾರ್ಮರ್ ವಿಷಯ. ಅಂಗಡಿಯಲ್ಲಿ ಕೇಳಿದರೆ ಎಲ್ಲರೂ 110 ವೋಲ್ಟಿಂದು ಕೊಡುತ್ತಾರೆ, ಅದು ಅಮೆರಿಕದ ಮಿಕ್ಸಿ-ಗಿಕ್ಸಿ ತಂದವರಿಗೆ. ಲೆಕ್ಕ ಹಾಕು. 230ಕ್ಕೆ 110 ಕೊಡುವುದು ನಿಮ್ಮ ಮನೆಯ 250ಕ್ಕೆ ಸುಮಾರು 120 ಕೊಡುತ್ತದೆ. 100ರ ಮಷಿನ್‌ಗೆ 120 ಅಂದರೆ ರೆಗ್ಯುಲೇಟರ್ ಸುಮ್ನೆ ಬಿಸಿಯಾಗುತ್ತದೆ, ಮೂವತ್ತೈದು ವರ್ಷ ದಾಟಿದ ಕೆಪಾಸಿಟರ್ ಮೇಲೂ ಒತ್ತಡ ಬೀಳುತ್ತದೆ. ಸ್ಟೆಬಿಲೈಸರ್ ಸುತ್ತುವವರ ಹತ್ತಿರ ಹೋಗಿ 230ಕ್ಕೆ ಸರಿಯಾಗಿ 100 ಬರುವ ಹಾಗೆ ಹೇಳಿ ಸುತ್ತಿಸು, ಎರಡು ವೈಂಡಿಂಗ್ ಬೇರೆ ಬೇರೆ ಇರಲಿ ಅಂತಲೂ ಹೇಳು. ಮಷಿನ್ ಹಿಂದೆ ಎಷ್ಟು ವ್ಯಾಟ್ ಅಂತ ಬರೆದಿದೆಯೋ ಅದರ ಎರಡರಷ್ಟು ಇದ್ದರೆ ಸಾಕು. ಅದಕ್ಕೂ ಮುಂಚೆ ಒಂದು ಮಾಮೂಲಿ ಸ್ಟೆಬಿಲೈಸರ್ ಇದ್ದರೆ ಇನ್ನೂ ಒಳ್ಳೇದು. ಹರ್ಟ್ಜ್ ಬಗ್ಗೆ ಚಿಂತೆ ಬೇಡ. ಜಪಾನಿನಲ್ಲಿ ಪೂರ್ವದ ಕಡೆ 50, ಪಶ್ಚಿಮದ ಕಡೆ 60, ಹಾಗಾಗಿ ಅವರ ಸಾಮಾನು ಎರಡಕ್ಕೂ ಆಗುವ ಹಾಗೆ ಮಾಡಿರುತ್ತಾರೆ.

ಮೊದಲ ಸಲ ಕರೆಂಟ್ ಕೊಡುವಾಗ ಸೀರೀಸ್ ಬಲ್ಬ್ ಹಾಕು. ಹಳೇ ಕಾಲದ 60 ವ್ಯಾಟಿನ ತಂತಿ ಬಲ್ಬ್ ಬೇಕು, ಎಲ್‌ಇಡಿ ನಡೆಯಲ್ಲ. ಟ್ರಾನ್ಸ್‌ಫಾರ್ಮರ್‌ಗೆ ಹೋಗುವ 230ರ ಲೈನಿನಲ್ಲಿ ಸೇರಿಸು. ಒಂದು ಸಲ ಮಿಂಚಿ ಮಂಕಾದರೆ ಸರಿ. ಪೂರ್ತಿ ಬೆಳಗಿ ಹಾಗೇ ನಿಂತರೆ ಒಳಗೆ ಎಲ್ಲೋ ಶಾರ್ಟ್ ಇದೆ, ತಕ್ಷಣ ತೆಗೆ. ಆಮೇಲೆ ಬಲ್ಬ್ ತೆಗೆದು 5 ವೋಲ್ಟ್ ಅಳೆ. 4.75ರಿಂದ 5.25ರ ಒಳಗೆ ಇರಬೇಕು. ಆಟದ ಕಾರ್ಟ್ರಿಜ್ ಸಿಕ್ಕಿಸುವ ಸ್ಲಾಟ್‌ಗೆ ಪ್ಲಸ್ 12, ಮೈನಸ್ 12 ಎರಡೂ ಹೋಗುತ್ತದೆ, ಅದನ್ನೂ ನೋಡು.

ಕೆಪಾಸಿಟರ್: ಪವರ್ ಸಪ್ಲೈ ಕಡೆಯವನ್ನು ಯೋಚನೆ ಮಾಡದೆ ಬದಲಾಯಿಸು, 105 ಡಿಗ್ರಿಯದೇ ಹಾಕು. ಉಳಿದವನ್ನು ಕಣ್ಣಿಟ್ಟು ನೋಡು. ಕಾಲಿನ ಸುತ್ತ ಬೋರ್ಡ್ ಕಪ್ಪಾಗಿದ್ದರೆ, ಸೋಲ್ಡರ್ ಹೊಳಪು ಕಳೆದುಕೊಂಡಿದ್ದರೆ, ಐರನ್ ಇಟ್ಟಾಗ ಮೀನಿನ ವಾಸನೆ ಬಂದರೆ ಅದು ಸೋರಿದೆ ಅಂತ ಅರ್ಥ. ಸೋರಿದ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಶ್‌ನಲ್ಲಿ ಉಜ್ಜದೆ ಹೊಸದು ಕೂರಿಸಬೇಡ. ಬೋರ್ಡ್ ಮೇಲೆ ಗಡಿಯಾರದ ಬ್ಯಾಟರಿ ಕಂಡರೆ ಇವತ್ತೇ ತೆಗೆದಿಡು.

ಗೌರಿಬಿದನೂರು ಗೇಮರ್

ಗುರು, ಫ್ಲಾಪಿ ಡ್ರೈವ್ ಬಿಟ್ಟುಬಿಡು, ಅದರ ಜಾಗದಲ್ಲಿ ಪೆನ್‌ಡ್ರೈವನ್ನೇ ಫ್ಲಾಪಿ ಥರ ತೋರಿಸುವ ಗೋಟೆಕ್ ಹಾಕು. ಪೆನ್‌ಡ್ರೈವ್‌ನಲ್ಲಿ ನೂರಾರು ಡಿಸ್ಕ್ ಇಟ್ಟುಕೊಳ್ಳಬಹುದು, ಫ್ಲ್ಯಾಶ್‌ಫ್ಲಾಪಿ ಫರ್ಮ್‌ವೇರ್ ಹಾಕಿ ಸೆಟ್ಟಿಂಗ್ ಫೈಲಿನಲ್ಲಿ ಎಂಎಸ್‌ಎಕ್ಸ್ ಅಂತ ಕೊಟ್ಟರೆ ಮುಗಿಯಿತು. 720 ಕೆಬಿ ಡಿಸ್ಕ್ ಈಗ ಎಲ್ಲಿ ಸಿಗುತ್ತದೆ? ಸಿಕ್ಕಿದರೂ ಬೂಷ್ಟು ಹಿಡಿದಿರುತ್ತದೆ, ಅದನ್ನು ಹಾಕಿದರೆ ಡಿಸ್ಕ್ ಓದುವ ಹೆಡ್ ಹಾಳು.

ಹಳದಿಗೆ ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ಕೂದಲಿಗೆ ಹಚ್ಚುವ 40 ವಾಲ್ಯೂಮ್ ಡೆವಲಪರ್ ಕ್ರೀಮ್ ತಗೋ, ಅದು 12 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ಕವರ್ ಪೂರ್ತಿ ಬಿಚ್ಚಿ, ಲೋಹದ ಭಾಗ, ಸ್ಟಿಕ್ಕರ್ ಎಲ್ಲಾ ತೆಗೆದು, ಸಮನಾಗಿ ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿ ತಾರಸಿ ಮೇಲೆ ಬಿಸಿಲಿಗಿಡು. ಆಗಾಗ ತಿರುಗಿಸಿ ಕ್ರೀಮ್ ಸವರುತ್ತಿರು. ಒಣಗಲು ಬಿಟ್ಟರೆ ಬಿಳಿ ಪಟ್ಟೆ ಬೀಳುತ್ತದೆ, ಆ ಪಟ್ಟೆ ಮತ್ತೆ ಹೋಗಲ್ಲ. ಕೈಗವಸು, ಕನ್ನಡಕ ಬೇಕೇ ಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಕ್ಯಾತಸಂದ್ರ ಝಡ್80

ನಾನು ತುಮಕೂರಿನ ಕ್ಯಾತಸಂದ್ರದವಳು, ಎಂಎಸ್‌ಎಕ್ಸ್ ಇಟ್ಟುಕೊಂಡಿದ್ದೇನೆ. ಚಿಂತಾಮಣಿ ಸರ್ ಹೇಳಿದ್ದು ಅಷ್ಟೂ ಸರಿ. ಗೌರಿಬಿದನೂರಿನವರ ಮಾತಿನಲ್ಲಿ ಒಂದನ್ನು ನಾನು ಒಪ್ಪಲ್ಲ.

ಡ್ರೈವ್ ಬಿಸಾಕಬೇಡಿ. ಆ ಮಾಡೆಲ್‌ನಲ್ಲಿ ಕೆಟ್ಟಿರೋದು ಹೆಚ್ಚಾಗಿ ಬೆಲ್ಟ್. ಆ ರಬ್ಬರ್ ವರ್ಷ ಕಳೆದ ಹಾಗೆ ಕರಗಿ ಡಾಂಬರಿನ ಹಾಗೆ ಮೋಟಾರ್ ರಾಟೆಗೂ ದೊಡ್ಡ ಚಕ್ರಕ್ಕೂ ಅಂಟಿಕೊಂಡಿರುತ್ತದೆ. ಡ್ರೈವ್ ತಲೆಕೆಳಗು ಮಾಡಿ ಬೋರ್ಡ್ ತೆಗೆದರೆ ಕಾಣುತ್ತದೆ. ಹತ್ತಿಕಡ್ಡಿಗೆ ಆಲ್ಕೋಹಾಲ್ ಹಚ್ಚಿ ಪೂರ್ತಿ ಹೋಗುವ ತನಕ ಒರೆಸಿ, ಆ ಕಪ್ಪು ಕೈ ಹೆಡ್‌ಗೆ ತಾಗದ ಹಾಗೆ ನೋಡಿಕೊಳ್ಳಿ. ಹೊಸ ಚಪ್ಪಟೆ ಬೆಲ್ಟ್ ಅದೇ ಅಳತೆಯದೇ ಬೇಕು. ಡಿಸ್ಕ್ ನಿಮಿಷಕ್ಕೆ 300 ಸುತ್ತು ತಿರುಗಬೇಕು, ಬೆಲ್ಟ್ ಬಿಗಿಯಾದರೂ ಸಡಿಲವಾದರೂ ಆ ವೇಗ ಏರುಪೇರಾಗಿ ಓದಲ್ಲ. ಗುಂಡಿ ಅರ್ಧಕ್ಕೆ ನಿಲ್ಲುತ್ತದೆ ಅಂದಿರಲ್ಲ, ಅದು ಒಣಗಿದ ಗ್ರೀಸ್. ಅದನ್ನು ತೆಗೆದು ಹೊಸ ಗ್ರೀಸ್ ಹಚ್ಚುವ ತನಕ ಯಾವ ಡಿಸ್ಕನ್ನೂ ಒಳಗೆ ತಳ್ಳಬೇಡಿ. ಎಳೆಯುವಾಗ ಡಿಸ್ಕಿನ ತಗಡಿನ ಬಾಗಿಲು ಮೇಲಿನ ಹೆಡ್‌ಗೆ ಸಿಕ್ಕಿಕೊಂಡರೆ ಹೆಡ್ ಕಿತ್ತುಬರುತ್ತದೆ, ಆಮೇಲೆ ಆ ಡ್ರೈವ್ ನಿಜವಾಗಲೂ ಹೋಯಿತು.

ಗೋಟೆಕ್ ಹಾಕಲೇಬೇಕು ಅಂದರೆ ಹಾಕಿ, ತಪ್ಪಿಲ್ಲ, ಆದರೆ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಕೆಲವು ಜಪಾನಿ ಮಷಿನ್‌ಗಳಲ್ಲಿ ಡ್ರೈವ್‌ಗೆ ಬೇಕಾದ 5 ವೋಲ್ಟ್ ಡ್ರೈವನ್ನು ಬೋರ್ಡ್‌ಗೆ ಜೋಡಿಸುವ ಚಪ್ಪಟೆ ಪಟ್ಟಿ ಕೇಬಲ್‌ನಲ್ಲೇ ಹೋಗುತ್ತದೆ. ಗೋಟೆಕ್ ಆ 5 ವೋಲ್ಟ್ ಬರುವ ಸಾಲಿನ ಪಿನ್ನುಗಳನ್ನೆಲ್ಲಾ ಗ್ರೌಂಡ್ ಅಂದುಕೊಂಡಿರುತ್ತದೆ. ನೋಡದೆ ಸಿಕ್ಕಿಸಿದರೆ ನೇರ ಶಾರ್ಟ್.

ಈಗ ಅಪ್‌ಗ್ರೇಡ್. 1983ರಲ್ಲಿ ಮೈಕ್ರೋಸಾಫ್ಟ್ ಮತ್ತು ಜಪಾನಿನ ಆಸ್ಕಿ ಕಂಪನಿ ಸೇರಿ ಈ ಎಂಎಸ್‌ಎಕ್ಸ್ ತಂದಾಗ ಯಾವ ಕಂಪನಿಯ ಮಷಿನ್ ಆದರೂ ಕಾರ್ಟ್ರಿಜ್ ಒಂದೇ ಥರ ಇರಬೇಕು ಅಂತ ನಿಯಮ ಮಾಡಿದ್ದರು. ಅದರ ಲಾಭ ಇವತ್ತೂ ನಮಗೆ ಸಿಗುತ್ತಿದೆ. ಇದರ ಪ್ರೊಸೆಸರ್ ಝಡ್80 ಒಂದು ಸಲಕ್ಕೆ 64 ಕೆಬಿ ಮಾತ್ರ ನೋಡಬಲ್ಲದು. ಅದಕ್ಕೇ ಮೆಮೊರಿಯನ್ನು 16 ಕೆಬಿ ತುಂಡು ಮಾಡಿ ಬೇಕಾದ ತುಂಡನ್ನು ಅದರ ಮುಂದೆ ತಂದಿಡುವ ಮ್ಯಾಪರ್ ಅಂತ ಒಂದು ವ್ಯವಸ್ಥೆ ಇದೆ. ಮ್ಯಾಪರ್, ಎಸ್‌ಡಿ ಕಾರ್ಡ್ ಎರಡೂ ಇರುವ ಕಾರ್ಟ್ರಿಜ್ ತಗೊಂಡು ಮೇಲಿನಿಂದ ಸಿಕ್ಕಿಸಿದರೆ ಮುಗಿಯಿತು. ಕಾರ್ನಿವೋರ್2 ಕೂಡ ಇದೇ ಥರದ್ದು, ಆದರೆ ಅದಕ್ಕೆ ಎಸ್‌ಡಿ ಬದಲು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಬೇಕು. ಡಿಸ್ಕ್ ಫೈಲು ನಿಭಾಯಿಸುವ ಸಾಫ್ಟ್‌ವೇರ್ ಎಂಎಸ್‌ಎಕ್ಸ್-ಡಾಸ್ 2ಕ್ಕೆ ಕಡಿಮೆ ಅಂದರೂ 128 ಕೆಬಿ ಬೇಕು, ಅದೂ ಇದರಲ್ಲಿ ಸಿಗುತ್ತದೆ. ಒಂದು ಟಾಂಕ ಕೂಡ ಬಿಚ್ಚಬೇಕಾಗಿಲ್ಲ.

ವಿ9958 ಬೇಡ ಅಂತ ನನ್ನ ಮನಸ್ಸು ಹೇಳುತ್ತದೆ. ಈಗಿರುವ ವಿಡಿಯೋ ಚಿಪ್ ಯಮಹಾ ವಿ9938 ತೆಗೆದು ಅದನ್ನು ಹಾಗೇ ಕೂರಿಸಲು ಆಗಲ್ಲ, ಕೆಲವು ಕಾಲುಗಳ ಕೆಲಸವೇ ಬೇರೆ. ಟಿವಿಗೆ ಒಂದೇ ವೈರಿನಲ್ಲಿ ಚಿತ್ರ ಕೊಡುವ ಕಾಂಪೋಸಿಟ್ ವಿಡಿಯೋ ಔಟ್‌ಪುಟ್ ಹೊಸ ಚಿಪ್ಪಿನಲ್ಲಿ ಇಲ್ಲ. ಸಿಗುವ ಲಾಭ ಕೆಲವೇ ಆಟಗಳಿಗೆ. ಮೊದಲ ಸಲ ದೊಡ್ಡ ಚಿಪ್ ಕೀಳುವುದನ್ನು ಚೆನ್ನಾಗಿರುವ ಬೋರ್ಡ್ ಮೇಲೆ ಕಲಿಯೋದು ಯಾಕೆ? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಗುಜರಿ ಬೋರ್ಡ್ ಸಿಗುತ್ತವೆ, ಅದರ ಮೇಲೆ ಕೈ ಪಳಗಿಸಿಕೊಳ್ಳಿ. ಜಪಾನಿನವರು ಮಾಡಿದ ಹಾಗೇ ಉಳಿದಿರುವ ಎಫ್1ಎಕ್ಸ್‌ಡಿ ನಮ್ಮ ಜಿಲ್ಲೆಗಳಲ್ಲಿ ಎಷ್ಟಿರಬಹುದು ಹೇಳಿ. ಮತ್ತೆ ಬಿಚ್ಚಿ ಮೊದಲಿನ ಹಾಗೆ ಮಾಡಲು ಆಗುವಂಥ ಕೆಲಸ ಮಾತ್ರ ಅದಕ್ಕೆ ಮಾಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಗೌರಿಬಿದನೂರು ಗೇಮರ್

ಪಟ್ಟಿ ಕೇಬಲ್‌ನಲ್ಲಿ 5 ವೋಲ್ಟ್ ಬರುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ ಅಕ್ಕ, ಥ್ಯಾಂಕ್ಸ್. ಆದರೂ ದಿನಾ ಆಡುವವರಿಗೆ ಗೋಟೆಕ್ ಸರಿ ಅಂತಲೇ ಹೇಳುತ್ತೇನೆ. ಹಳೇ ಡ್ರೈವ್ ಬಿಸಾಕದೆ ಒಂದು ಡಬ್ಬಿಯಲ್ಲಿ ಇಟ್ಟರಾಯಿತು, ಅಲ್ವಾ?

ಟಮಕದವನು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟ್ರಾನ್ಸ್‌ಫಾರ್ಮರ್ ಸುತ್ತಿಸಲು ಕೊಟ್ಟಿದ್ದೇನೆ, 100 ವೋಲ್ಟ್ ಅಂದಿದ್ದಕ್ಕೆ ಅವರು ಮತ್ತೆ ಮತ್ತೆ 110 ಅಲ್ವಾ ಅಂತ ಕೇಳಿದರು. ವಿ9958 ಕೈಬಿಟ್ಟೆ, ಕಾರ್ಟ್ರಿಜ್ ಸಾಕು. ಬೆಲ್ಟ್ ಕೂಡ ಹುಡುಕುತ್ತೇನೆ. ಅಕ್ಕ, ಇನ್ನೊಂದು ಪ್ರಶ್ನೆ. ಹಿಂದೆ 21 ಪಿನ್ನಿನ ಅಗಲ ಸಾಕೆಟ್ ಇದೆ. ನೆಟ್‌ನಲ್ಲಿ ಸಿಗುವ, ಯುರೋಪಿನ ಟಿವಿಗಳ ಸ್ಕಾರ್ಟ್ ಕೇಬಲ್ ಅದಕ್ಕೆ ಸರಿಯಾಗಿ ಕೂರುತ್ತದೆ. ಅದನ್ನೇ ಎಚ್‌ಡಿಎಂಐ ಕನ್ವರ್ಟರ್‌ಗೆ ಕೊಡಬಹುದಾ? ಡ್ರೈವ್ ಸರಿಯಿಲ್ಲದೆ ಮಷಿನ್ ಶುರುವಾಗುತ್ತದಾ?

ಕ್ಯಾತಸಂದ್ರ ಝಡ್80

ಕೂರುತ್ತದೆ, ಆದರೆ ಹಾಕಬೇಡಿ. ಸಾಕೆಟ್ ಆಕಾರ ಒಂದೇ, ಒಳಗಿನ ವೈರಿಂಗ್ ಬೇರೆ. ಯುರೋಪಿನ ಸ್ಕಾರ್ಟ್‌ನಲ್ಲಿ ಕೆಂಪು 15, ಹಸಿರು 11, ನೀಲಿ 7. ಜಪಾನಿನದರಲ್ಲಿ ಕೆಂಪು 15, ಹಸಿರು 19, ನೀಲಿ 20. ಜಪಾನ್ ವೈರಿಂಗ್‌ನಿಂದ ಸ್ಕಾರ್ಟ್‌ಗೆ ಬದಲಾಯಿಸುವ ಅಡಾಪ್ಟರ್ ಅಂತಲೇ ಕೇಳಿ ತಗೊಳ್ಳಿ. ಅದು ಬರುವ ತನಕ ಹಳದಿ ಕಾಂಪೋಸಿಟ್ ವೈರ್ ಸಾಕು. ಅದು ಎನ್‌ಟಿಎಸ್‌ಸಿ, ಅಂದರೆ ಜಪಾನಿನ ಟಿವಿ ಸಿಗ್ನಲ್, ಈಗಿನ ಎಲ್‌ಇಡಿ ಟಿವಿಗಳು ಒಪ್ಪಿಕೊಳ್ಳುತ್ತವೆ. ನಮ್ಮ ದೇಶದ ಪಾಲ್ ಸಿಗ್ನಲ್‌ಗೆ ಮಾಡಿದ ಹಳೇ ಟಿವಿಯಲ್ಲಿ ಬಣ್ಣ ಬರದಿದ್ದರೆ ಮಷಿನ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಡ್ರೈವ್ ಇಲ್ಲದಿದ್ದರೂ ಶುರುವಾಗುತ್ತದೆ. ಶಿಫ್ಟ್ ಒತ್ತಿಕೊಂಡೇ ಸ್ವಿಚ್ ಹಾಕಿ, ಡಿಸ್ಕ್ ಭಾಗವನ್ನು ಅದು ಬಿಟ್ಟು ಮುಂದೆ ಹೋಗುತ್ತದೆ. ನೀಲಿ ಪರದೆ ಮೇಲೆ 28815 ಬೈಟ್ಸ್ ಫ್ರೀ ಅಂತ ಬಂದರೆ ನಿಮ್ಮ ಝಡ್80, ಮೆಮೊರಿ, ವಿಡಿಯೋ ಚಿಪ್ ಮೂರೂ ಕೆಲಸ ಮಾಡುತ್ತಿವೆ ಅಂತ ಲೆಕ್ಕ. ಬರದಿದ್ದರೆ 5 ವೋಲ್ಟ್ ಎಷ್ಟಿದೆ, ಪರದೆ ಮೇಲೆ ಏನು ಕಾಣುತ್ತಿದೆ ಅಂತ ಬೋರ್ಡಿನ ಫೋಟೋ ಜೊತೆ ಇಲ್ಲೇ ಹಾಕಿ, ನೋಡೋಣ.